ಬುದ್ಧಿಮಾಂದ್ಯರ ವಸತಿ ಗೃಹ ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಪೋಷಕರ ಬಳಗ, ಹಾಸನ
ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರಿಗಾಗಿ ನಮ್ಮ ಬಳಗದವರು ವಸತಿ ಗೃಹಗಳನ್ನು ನೋಡಲು ಹೊರಟಿದ್ದೇವೆ. ಮಾತು ಬಾರದವರು, ಫಿಟ್ಸ್ ಇರುವವರೇ ಹೆಚ್ಚು. ಟೈಲ್ಸು, ತೋಟ, ಅಡುಗೆಮನೆಯನ್ನು ಎಲ್ಲರೂ ತೋರಿಸುತ್ತಾರೆ. ಜೀವಕ್ಕೆ ಕುತ್ತು ತರುವ ತಪ್ಪುಗಳನ್ನು ಎರಡು ಗಂಟೆಯ ಭೇಟಿಯಲ್ಲಿ ಪತ್ತೆ ಹಚ್ಚುವುದು ಹೇಗೆ? ಯಾವ ಕಾಗದ ಕೇಳಲೇಬೇಕು?

ನರ್ಸ್, ಧಾರವಾಡ
ಮೊದಲು ಔಷಧಿ ಪುಸ್ತಕ ತೆರೆಸಿ. ಬೆಳಿಗ್ಗೆ ಹನ್ನೊಂದಕ್ಕೇ ರಾತ್ರಿ ಡೋಸಿನ ಮುಂದೆ ಟಿಕ್ ಬಿದ್ದಿದ್ದರೆ, ತಿಂಗಳಿಡೀ ಸಹಿಗಳು ಒಂದೇ ಶಾಯಿಯಲ್ಲಿ ಒಂದೇ ಓಟದಲ್ಲಿದ್ದರೆ, ಅದು ತೋರಿಕೆಗೆ ತುಂಬಿದ್ದು. ಸ್ಟ್ರಿಪ್ಪಿನಲ್ಲಿ ಉಳಿದ ಮಾತ್ರೆ ಎಣಿಸಿ ತಾಳೆ ನೋಡಿ.

ಮಾತ್ರೆ ಕೊಡುವಾಗ ಪಕ್ಕದಲ್ಲೇ ನಿಲ್ಲಿ. ನುಂಗುವುದಿಲ್ಲವೆಂದು ಪುಡಿ ಮಾಡಿ ಬಾಳೆಹಣ್ಣಿಗೆ ಸೇರಿಸುವುದು ಎಲ್ಲೆಲ್ಲೂ ಇದೆ. ಫಿಟ್ಸ್ ತಡೆಯಲು ಕೊಡುವ, ನಿಧಾನವಾಗಿ ಬಿಡುಗಡೆಯಾಗುವ ವಾಲ್‌ಪ್ರೊಯೇಟ್ ಮಾತ್ರೆಗೆ ಹೀಗೆ ಮಾಡಿದರೆ ಔಷಧಿಯೆಲ್ಲ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಮೊದಲು ತೂಕಡಿಕೆ, ವಾಂತಿ. ಮುಂದಿನ ಡೋಸಿನ ಹೊತ್ತಿಗೆ ಔಷಧಿ ಸಾಲದೆ ಫಿಟ್ಸ್. ಫಿಟ್ಸ್ ತಡೆಯುವ ಇನ್ನೊಂದು ಔಷಧಿ ಫೆನಿಟಾಯಿನ್ ಸಿರಪ್ ಅಲ್ಲಾಡಿಸದೆ ಕೊಟ್ಟರೆ ಬಾಟಲಿಯ ಮೇಲಿನ ಭಾಗ ಸಪ್ಪೆ, ತಳದ್ದು ವಿಪರೀತ.

ಫಿಟ್ಸ್ ಬಂದರೆ ಏನು ಮಾಡುತ್ತೀರಿ ಎಂದು ಮ್ಯಾನೇಜರನ್ನಲ್ಲ, ರಾತ್ರಿ ಪಾಳಿಯ ಆಯಾಳನ್ನು ಕೇಳಿ. ಗಡಿಯಾರ ನೋಡುವುದು, ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನೂ ತುರುಕದಿರುವುದು, 5 ನಿಮಿಷ ದಾಟಿದರೆ ವೈದ್ಯರು ಬರೆದುಕೊಟ್ಟ ಮಿಡಜೋಲಾಮ್ ಮೂಗಿನ ಸ್ಪ್ರೇ ಹೊಡೆದು 108ಕ್ಕೆ ಕರೆ: ಉತ್ತರ ಇದಾಗಿರಬೇಕು. ಕೈಗೆ ಬೀಗದ ಕೈ, ಮೂಗಿಗೆ ಈರುಳ್ಳಿ ಎಂದರೆ ತರಬೇತಿ ಆಗಿಲ್ಲ.

ಊಟಕ್ಕೆ ಮೆತ್ತಗಿನ ಇಡ್ಲಿ–ಸಾಂಬಾರ್ ಕೊಡುತ್ತಾರಾ, ಅದನ್ನೂ ನೋಡಿ.

ವಾಕ್ ಮತ್ತು ನುಂಗುವಿಕೆ ಚಿಕಿತ್ಸಕ, ಮೈಸೂರು
ಕೊನೆಯ ಸಾಲಿಗೆ ತಿದ್ದುಪಡಿ ಬೇಕು ಮೇಡಂ. ನುಂಗುವ ತೊಂದರೆ ಇರುವವರಿಗೆ ತಿಳಿ ಸಾಂಬಾರಿನಲ್ಲಿ ತೇಲುವ ಇಡ್ಲಿ ಚೂರು ಅಪಾಯ: ಚೂರನ್ನು ಅಗಿಯುವಷ್ಟರಲ್ಲಿ ನೀರು ಶ್ವಾಸನಾಳಕ್ಕೆ ಜಾರುತ್ತದೆ. ಇಡ್ಲಿಯನ್ನು ಗಟ್ಟಿ ಬೇಳೆಯಲ್ಲಿ ಪೂರ್ತಿ ಕಿವುಚಿ, ಒಂದೇ ಹದಕ್ಕೆ ತಂದು ಚಿಕ್ಕ ಚಮಚದಲ್ಲಿ ಕೊಡಬೇಕು. ಮುದ್ದೆ ಅಂಟುತ್ತದೆ, ಅದೂ ಅಗಿಯದೆ ನುಂಗುವ ಆಹಾರ. ಇಂಥವರಿಗೆ ಬೇಡವೇ ಬೇಡ. ಊಟದ ಹೊತ್ತಿಗೇ ಹೋಗಿ. ಬೆನ್ನು ನೇರವಾಗಿ ಕೂರಿಸಿದ್ದಾರಾ, ಹಿಂದಿನ ತುತ್ತು ಇಳಿಯುವ ಮೊದಲೇ ಮುಂದಿನದು ಹೋಗುತ್ತಿದೆಯಾ ನೋಡಿ. ನೀರು ಕುಡಿದ ಮೇಲೆ ಗಂಟಲು ಗೊರಗೊರ ಎಂದರೆ, ಮತ್ತೆ ಮತ್ತೆ ಎದೆ ಕಟ್ಟುತ್ತಿದ್ದರೆ, ನುಂಗುವಿಕೆಯ ಪರೀಕ್ಷೆ ಆಗಲೇಬೇಕು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು.

ವೈದ್ಯ, ಶಿವಮೊಗ್ಗ
ಯಾರೂ ಕೇಳದ ಪುಸ್ತಕ ಒಂದಿದೆ: ಯಾರು ಯಾವ ದಿನ ಕಕ್ಕಸಿಗೆ ಹೋದರು ಎಂಬುದು. ಮಲಬದ್ಧತೆ ಇವರಲ್ಲಿ ಪ್ರಾಣ ತೆಗೆಯುವ ಕಾಯಿಲೆ. ಮನೋರೋಗದ ಔಷಧಿಯಿಂದ ಬರುವ ನಡುಕ, ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್‌ನಂಥ ಮಾತ್ರೆ ಕರುಳನ್ನು ನಿಧಾನಿಸುತ್ತದೆ. ಹಾಸಿಗೆ ಒದ್ದೆಯಾಗುತ್ತದೆಂದು ಸಂಜೆ ನೀರು ಕಡಿಮೆ ಮಾಡಿದರೆ ಇನ್ನೂ ಕಷ್ಟ. ಮಾತು ಬಾರದವನು ಹೊಟ್ಟೆನೋವಿಗೆ ತಲೆ ಚಚ್ಚಿಕೊಳ್ಳುತ್ತಾನೆ, ತಟ್ಟೆ ತಳ್ಳುತ್ತಾನೆ. ಅದನ್ನು ಹಠ ಎಂದುಕೊಂಡು ಮಂಪರಿನ ಮಾತ್ರೆ ಏರಿಸುತ್ತಾರೆ, ಕರುಳು ಮತ್ತಷ್ಟು ಕಟ್ಟುತ್ತದೆ. ಗಟ್ಟಿ ಮಲದ ಪಕ್ಕದಿಂದ ನೀರು ಸೋರಿದರೆ ಭೇದಿ ಎಂದು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟವರೂ ಇದ್ದಾರೆ. ಮೂರು ದಿನ ಹೋಗದಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಅದೇ ದಿನ, ವೈದ್ಯರಿಗೆ ತೋರಿಸಬೇಕು.

ವಕೀಲೆ, ಬೆಂಗಳೂರು
2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಕೇಳಿ, ಅವಧಿ ನೋಡಿ. 18 ತುಂಬಿದವರ ಕಾನೂನುಬದ್ಧ ಪೋಷಕತ್ವಕ್ಕೆ 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ. ಸೇರಿಸುವ ಮೊದಲೇ ಮಾಡಿಸಿಕೊಳ್ಳಿ. ಪಿಂಚಣಿಯ ಎಟಿಎಂ ಕಾರ್ಡ್ ಸಂಸ್ಥೆಗೆ ಒಪ್ಪಿಸಬೇಡಿ. ಹೊಡೆತ, ದೌರ್ಜನ್ಯದ ಅನುಮಾನವಿದ್ದರೆ ಯಾರು ಬೇಕಾದರೂ 2016ರ ಕಾಯ್ದೆಯ ಕಲಂ 7ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಮಾಹಿತಿ ಕೊಡಬಹುದು.

ರಾತ್ರಿ ಹೊರಗಿನಿಂದ ಚಿಲಕ ಹಾಕುತ್ತಾರಾ ಎಂದು ಕೇಳಿಯೇ ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ಆಶ್ರಮಕ್ಕೆ ಬೆಂಕಿ ಬಿದ್ದಾಗ 28 ಜನ ಸತ್ತರು. ಸರಪಳಿ ಬಿಗಿದಿದ್ದರಿಂದ ಓಡಲಾಗಲಿಲ್ಲ.

ಪೋಷಕರ ಬಳಗ, ಹಾಸನ
ತುಂಬಾ ಉಪಕಾರವಾಯಿತು. ಮಾತ್ರೆ ನುಂಗದವರಿಗೆ ವಾಲ್‌ಪ್ರೊಯೇಟನ್ನು ಸಿರಪ್ಪಿಗೆ ಬದಲಾಯಿಸಬಹುದೇ?

ನರ್ಸ್, ಧಾರವಾಡ
ವೈದ್ಯರೇ ಬದಲಿಸಿ ಬರೆಯಬೇಕು. ಸಿರಪ್ಪಿನ ಪರಿಣಾಮ ಬೇಗ ಇಳಿಯುವುದರಿಂದ ದಿನಕ್ಕೆ ಕೊಡುವ ಸರದಿ ಹೆಚ್ಚಬಹುದು. ಮಧ್ಯಾಹ್ನದ ಡೋಸ್ ಸೇರಿಕೊಂಡರೆ ಆ ಹೊತ್ತಿಗೆ ಕೊಡುವವರು ಯಾರು ಎಂದು ಔಷಧಿ ಪುಸ್ತಕದಲ್ಲೇ ಬರೆಸಿ. ಅಡುಗೆ ಚಮಚ ಬೇಡ, ಮಿಲಿಲೀಟರ್ ಗುರುತಿರುವ ಸಿರಿಂಜಿನಲ್ಲೇ ಅಳೆಯಲಿ.