ಸಹಾಯ ಬೇಕು: ಪಲ್ಸ್ ಕೌಂಟರ್ 65535 ದಾಟಿದಾಗ ವೇಗ ಸೊನ್ನೆ ತೋರಿಸುತ್ತಿದೆ

ನಮಸ್ಕಾರ. ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಡಿಸೈನ್‌ನಲ್ಲಿ ಪಲ್ಸ್ ಕೌಂಟರ್ ಬ್ಲಾಕ್, ಅಂದರೆ ಪಲ್ಸ್ ಎಣಿಸುವ ಬ್ಲಾಕ್, ಬಳಸಿದವರು ಸ್ವಲ್ಪ ದಾರಿ ತೋರಿಸಿ.

ಮೋಟಾರ್‌ಗೆ ಒಂದು ಸುತ್ತಿಗೆ 100 ಪಲ್ಸ್ ಕೊಡುವ ಎನ್‌ಕೋಡರ್ (ತಿರುಗುವುದನ್ನು ಅಳೆಯುವ ಸೆನ್ಸರ್) ಇದೆ. 600 ಆರ್‌ಪಿಎಂ, ಅಂದರೆ ಸೆಕೆಂಡಿಗೆ 1000 ಪಲ್ಸ್. ಸ್ಯಾಂಪಲಿಂಗ್ 48 ಕಿಲೋಹರ್ಟ್ಸ್, ಅಂದರೆ ಸಿಗ್ನಲನ್ನು ಸೆಕೆಂಡಿಗೆ 48000 ಸಲ ನೋಡುತ್ತದೆ. 100 ಮಿಲಿಸೆಕೆಂಡಿಗೊಮ್ಮೆ ಎಣಿಕೆ ಓದಿ ವೇಗ ಲೆಕ್ಕ ಹಾಕುತ್ತಿದ್ದೇನೆ.

ಮೊದಲು ಪ್ರತಿ ಸಲ ಓದಿದ ಮೇಲೆ ಕೌಂಟರ್ ರೀಸೆಟ್ ಮಾಡುತ್ತಿದ್ದೆ. ಆದರೆ ರೀಸೆಟ್ ಆಗುವ ಸ್ಯಾಂಪಲ್‌ನಲ್ಲೇ ಪಲ್ಸ್ ಬಂದರೆ ಈ ಬ್ಲಾಕ್ ರೀಸೆಟ್ ಮಾತನ್ನೇ ಕೇಳುತ್ತದೆ, ಆ ಪಲ್ಸ್ ಗೋವಿಂದ! ಅದಕ್ಕೆ ರೀಸೆಟ್ ತೆಗೆದು, ಕೌಂಟರ್ ಸುಮ್ನೆ ಓಡಲಿ ಅಂತ ಬಿಟ್ಟೆ. ಈಗಿನ ಎಣಿಕೆಯಿಂದ ಹಿಂದಿನದನ್ನು ಕಳೆದರೆ ಆಯ್ತು, ಅಲ್ವಾ?

ಕೌಂಟರ್ 16 ಬಿಟ್‌ನದು. ಸುಮಾರು 65 ಸೆಕೆಂಡಿಗೊಮ್ಮೆ 65535 ಮುಟ್ಟಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಎಡವಟ್ಟು ಅಲ್ಲೇ. ಹಿಂದಿನ ಓದು 65500, ಈಗಿನದು 64 ಅಂತಿಟ್ಟುಕೊಳ್ಳಿ. ವ್ಯತ್ಯಾಸ 100 ಬರಬೇಕು, ಬರುವುದು 0. ಗ್ರಾಫ್‌ನಲ್ಲಿ ವೇಗ ಒಮ್ಮೆ ನೆಲಕ್ಕೆ ಬಿದ್ದು ಮುಂದಿನ ಓದಿಗೆ ಸರಿಹೋಗುತ್ತದೆ.

ಕಳೆಯುವ ಬ್ಲಾಕ್ ಸ್ಯಾಚುರೇಟ್ ಆಗುತ್ತಿದೆ, ಅಂದರೆ ಮಿತಿ ದಾಟಿದ ಉತ್ತರವನ್ನು ಮಿತಿಯಲ್ಲೇ (ಇಲ್ಲಿ 0) ನಿಲ್ಲಿಸುತ್ತಿದೆ ಅನ್ನೋದು ನನ್ನ ಅನುಮಾನ. (ಆಡಿಯೊ ಸಿಗ್ನಲ್‌ಗೆ ಅದು ಒಳ್ಳೆಯದೇ, ಎಣಿಕೆಗೆ ಅಲ್ಲ.) ಔಟ್‌ಪುಟ್ ಅನ್ನು 32 ಬಿಟ್ ಸೈನ್ಡ್ (ಮೈನಸ್ ಸಂಖ್ಯೆಯನ್ನೂ ಹಿಡಿಯುವಂತೆ) ಮಾಡಿದರೆ -65436 ಬರುತ್ತದೆ. ಮೈನಸ್ ಬಂದಾಗ 65536 ಕೂಡಿಸಿದರೆ ಉತ್ತರ ಸರಿ. ಆದರೆ ಮುಂದೆ ಮೋಟಾರ್ ಹಿಂದಕ್ಕೂ ತಿರುಗಬೇಕು, ಕೌಂಟರ್ ಕೆಳಗೂ ಎಣಿಸಬೇಕು. ಆಗ ನಿಜವಾದ ಮೈನಸ್ ಯಾವುದು, ಸುತ್ತಿ ಬಂದ ಮೈನಸ್ ಯಾವುದು ಅಂತ ಹೇಗೆ ಗೊತ್ತಾಗಬೇಕು?

ನನ್ನ ಪ್ರಶ್ನೆ ಇಷ್ಟೇ: ಸ್ಯಾಚುರೇಶನ್ ಆಫ್ ಮಾಡಿ ವ್ಯತ್ಯಾಸವನ್ನು 16 ಬಿಟ್ ಸೈನ್ಡ್ ಆಗಿ ತೆಗೆದುಕೊಂಡರೆ ಎರಡೂ ದಿಕ್ಕಿಗೆ ಸರಿಹೋಗುತ್ತದಾ, ಇಲ್ಲ ಕೌಂಟರನ್ನೇ 32 ಬಿಟ್ ಮಾಡಬೇಕಾ?