ಒತ್ತಕ್ಷರ ಬಿದ್ದ ಕೇಕು

ಹಾಸ್ಟೆಲ್ಲಿನಲ್ಲಿ ನಮಗೆ ಯಾರಿಗೂ ಹೆಸರಿರಲಿಲ್ಲ. ಊರೇ ಹೆಸರು. ಧಾರವಾಡ, ಮಂಗಳೂರು, ಹಾಸನ, ತುಮಕೂರು. ತುಮಕೂರು ಅಂದರೆ ನಾನು. ಮೈಸೂರಿನ ಆ ಹಾಸ್ಟೆಲ್ ಬಿಟ್ಟು ಹದಿನೆಂಟು ವರ್ಷವಾಯಿತು. ನಾಲ್ವರೂ ಒಬ್ಬೊಬ್ಬರಾಗಿ ಬೆಂಗಳೂರಿಗೆ ಬಂದು ಸೇರಿಕೊಂಡೆವು. ಆದರೂ ನನ್ನ ಫೋನಿನಲ್ಲಿ ಇವತ್ತಿಗೂ ಬರುವುದು "ಧಾರವಾಡ" ಅಂತಲೇ. ನನ್ನ ಮಗ ಚಿಕ್ಕವನಿದ್ದಾಗ, ಇಡೀ ಊರು ಸೇರಿ ಅಮ್ಮನಿಗೆ ಫೋನ್ ಮಾಡುತ್ತದೆ ಅಂದುಕೊಂಡಿದ್ದ.

ಹೋದ ಶನಿವಾರ ಮೂವರೂ ನಮ್ಮ ಮನೆಗೆ ಬಂದಿದ್ದರು. ನೆಪ ಕಾಫಿ. ನಿಜವಾದ ಕಾರಣ, ನನ್ನ ತಮ್ಮನ ಮಗಳ ನಾಮಕರಣಕ್ಕೆ ನಾನು ಮನೆಯಲ್ಲೇ ಮಾಡಿದ ಫಾಂಡೆಂಟ್ ಕೇಕು, ಅಂದರೆ ಸಕ್ಕರೆಯ ಹಿಟ್ಟನ್ನು ಲಟ್ಟಿಸಿ ಮೇಲೆ ಹೊದಿಸಿದ ಕೇಕು. ಅದರ ಫೋಟೋ ನೋಡಿದಾಗಿನಿಂದ ಮೂವರಿಗೂ ಹೊಟ್ಟೆಯಲ್ಲಿ ನಗು ತಡೆದುಕೊಳ್ಳಲು ಆಗುತ್ತಿರಲಿಲ್ಲ. ಎದುರಿಗೆ ಕೂತು ನಗೋಣ ಅಂತ ಬಂದಿದ್ದರು.

"ಮೊದಲು ಒಂದು ಹೇಳು. ಆ ಕೇಕಿನ ಮೇಲೆ ಎಮ್ಮೆ ಯಾಕೆ ಇಟ್ಟಿದ್ದೆ?" ಅಂದಳು ಹಾಸನ, ಚಪ್ಪಲಿ ಬಿಡುವ ಮೊದಲೇ.

"ಅದು ಆನೆ ಕಣೇ."

"ಆನೆನಾ?"

ಆನೆಯೇ. ಬುಧವಾರ ಮಾಡಿದಾಗ ಅದು ಬೂದು ಬಣ್ಣದ ಮುದ್ದಾದ ಆನೆಮರಿಯಾಗಿತ್ತು. ಬಿಳಿ ಫಾಂಡೆಂಟಿಗೆ ಕಡ್ಡಿಯ ತುದಿಯಷ್ಟು ಕಪ್ಪು ಜೆಲ್ ಬಣ್ಣ ಹಾಕಿ ನಾದಿದ್ದೆ. ಸಾಲದು ಅನಿಸಿತು. ಇನ್ನೊಂದು ಕಡ್ಡಿ ಹಾಕಿದೆ. ಬಣ್ಣ ಹಾಕಿದ ಫಾಂಡೆಂಟ್ ಇಟ್ಟಷ್ಟೂ ಗಾಢವಾಗುತ್ತದೆ ಅನ್ನುವುದು ಗುರುವಾರ ಬೆಳಗ್ಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ಸೊಂಡಿಲು ಬಾಗಿ ಎದೆಗೆ ಅಂಟಿಕೊಂಡಿತ್ತು. ಕಿವಿ ಜೋತುಬಿದ್ದಿತ್ತು. ಇಂಥ ಬೊಂಬೆಗಳು ಒಣಗಿ ಗಟ್ಟಿಯಾಗಲು ಎರಡು ಮೂರು ದಿನ ಬೇಕು. ಬೇರೆ ಆನೆ ಹುಟ್ಟಿಸಲು ನನಗೆ ಸಮಯವಿರಲಿಲ್ಲ.

"ತಲೆ ಹೆಂಗ ನಿಂದ್ರಿಸಿದಿ? ಕಡ್ಡಿ ಚುಚ್ಚಿದ್ದೇನು?" ಧಾರವಾಡದ ಪ್ರಶ್ನೆ.

ಕಡ್ಡಿ ಚುಚ್ಚಬಾರದು. ಮಕ್ಕಳ ಕೇಕಿನಲ್ಲಿ ಟೂತ್‌ಪಿಕ್ ಇಟ್ಟರೆ ಯಾರ ಬಾಯಿಗೋ ಗಂಟಲಿಗೋ ಸಿಕ್ಕಿಬಿಡುತ್ತದೆ. ಬಲ್ಲವರು ಬೇಯಿಸದ ಸ್ಪಗೆಟ್ಟಿ ಕಡ್ಡಿ ಚುಚ್ಚುತ್ತಾರೆ. ಅಕಸ್ಮಾತ್ ತಿಂದರೂ ಅದು ತಿನ್ನುವ ವಸ್ತುವೇ. ನಮ್ಮ ಮನೆಯಲ್ಲಿ ಸ್ಪಗೆಟ್ಟಿ ಇರಲಿಲ್ಲ. ಹೋದ ಬೇಸಿಗೆಯಲ್ಲಿ ಧಾರವಾಡವೇ ಊರಿಂದ ತಂದುಕೊಟ್ಟ ಶಾವಿಗೆ ಇತ್ತು.

"ನಮ್ಮ ಅವ್ವ ಹೊಸೆದ ಶಾವಿಗಿ ಎಮ್ಮಿ ಕುತ್ತಿಗ್ಯಾಗ ಹಾಕಿದೇನs!"

"ಆನೆ" ಅಂದೆ. "ಒಂದು ಎಳೆ ತಲೆ ಹೊರಲಿಲ್ಲ. ಆರು ಎಳೆ ಸೇರಿಸಿ ಚುಚ್ಚಿದೆ."

ಈ ಹುಚ್ಚು ಹತ್ತಿದ್ದು ಎಲ್ಲಿ ಅನ್ನುವುದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಪ್ರತಿ ಡಿಸೆಂಬರಿನಲ್ಲಿ ಕೇಕ್ ಶೋ ನಡೆಯುತ್ತದಲ್ಲ, ಅಲ್ಲಿಗೆ ನಾವು ನಾಲ್ವರೂ ಒಮ್ಮೆ ಹೋಗಿದ್ದೆವು. ಆಳೆತ್ತರಕ್ಕೂ ಮೀರಿದ ಕಟ್ಟಡಗಳು, ಪ್ರಾಣಿಗಳು, ಎಲ್ಲ ಸಕ್ಕರೆಯಲ್ಲಿ. ಉಳಿದ ಮೂವರು ಫೋಟೋ ತೆಗೆಸಿಕೊಂಡು ಹೊರಗೆ ಬಂದು ಚುರುಮುರಿ ತಿಂದರು. ನಾನೊಬ್ಬಳು ಮಾತ್ರ "ಇದೇನು ಮಹಾ, ಹಿಟ್ಟು ನಾದೋದು, ಲಟ್ಟಿಸೋದು ತಾನೇ" ಅಂತ ಮನೆಗೆ ಬಂದೆ. ಇಪ್ಪತ್ತು ವರ್ಷದಿಂದ ಚಪಾತಿ ಲಟ್ಟಿಸಿದ ಸೊಕ್ಕು.

"ಆದರೆ ಮಾರಾಯ್ತಿ, ಅದು ಎಂತದರಿಂದ ಮಾಡುದು? ಬರೀ ಸಕ್ಕರೆಯಾ?" ಮಂಗಳೂರು ಕೇಳಿದಳು.

ಹೆಚ್ಚುಕಡಿಮೆ ಬರೀ ಸಕ್ಕರೆಯೇ. ಐಸಿಂಗ್ ಶುಗರ್, ಅದನ್ನು ಹಿಡಿದಿಡಲು ಜೆಲಾಟಿನ್, ಮೆತ್ತಗಿರಲು ಲಿಕ್ವಿಡ್ ಗ್ಲೂಕೋಸು, ಒಣಗದಿರಲು ಒಂಚೂರು ಗ್ಲಿಸರಿನ್. ಸಮಸ್ಯೆ ಶುರುವಾಗುವುದು ಜೆಲಾಟಿನ್‌ನಲ್ಲಿ. ಅದು ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ವಸ್ತು. ಮಾರ್ಷ್‌ಮೆಲೋ ಅನ್ನುವ ಮೆತ್ತನೆಯ ಮಿಠಾಯಿ ಕರಗಿಸಿ ಮಾಡುವ ಸುಲಭದ ದಾರಿಯೊಂದಿದೆ. ಆದರೆ ಸಾಮಾನ್ಯವಾಗಿ ಅದರೊಳಗೂ ಜೆಲಾಟಿನ್ನೇ ಇರುತ್ತದೆ. ಮೊಟ್ಟೆ ಹಾಕದ ಕೇಕು ಮಾಡಿ, ಮೇಲೆ ಮೂಳೆಯ ಅಂಟು ಹೊದಿಸಿ, ನಾಮಕರಣದ ಮನೆಗೆ ಒಯ್ದರೆ ನಮ್ಮತ್ತೆ ನನಗೆ ಇನ್ನೊಂದು ನಾಮಕರಣ ಮಾಡುತ್ತಿದ್ದರು. ಚೈನಾ ಗ್ರಾಸ್ ಹಾಕಿ ನೋಡಿದೆ. ಅದು ಸಮುದ್ರದ ಪಾಚಿಯಿಂದ ಬರುವಂಥದ್ದು, ತೊಂದರೆ ಇಲ್ಲ. ಆದರೆ ನನ್ನ ಕೈಯಲ್ಲಿ ಅದು ಅರ್ಧ ಹಲ್ವ, ಅರ್ಧ ಸುಣ್ಣವಾಯಿತು. ಕೊನೆಗೆ ಅಂಗಡಿಯಿಂದ ಹಸಿರು ಚುಕ್ಕೆ ಇರುವ ಒಂದು ಕೆಜಿ ಪ್ಯಾಕೆಟ್ ತಂದೆ.

"ಹಂಗಂದ್ರ ಮನ್ಯಾಗ ಮಾಡಿದ್ದಲ್ಲ ಅದು" ಅಂದಳು ಧಾರವಾಡ, ಕೋರ್ಟಿನಲ್ಲಿ ಸಾಕ್ಷಿ ಸಿಕ್ಕವಳ ಹಾಗೆ.

"ಹೋಳಿಗೆಗೆ ಮೈದಾ ಅಂಗಡಿಯಿಂದ ತರಲ್ವಾ?"

ಅದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ಇಡೀ ಸಂಜೆಯಲ್ಲಿ ನಾನು ಗೆದ್ದದ್ದು ಅದೊಂದೇ ಸಲ.

ಕೇಕಿನ ಕತೆ ಬೇಗ ಹೇಳಿ ಮುಗಿಸುತ್ತೇನೆ. ಕಂಡೆನ್ಸ್ಡ್ ಮಿಲ್ಕು, ಮೊಸರು, ಅಡುಗೆ ಸೋಡಾ, ಎಲ್ಲರಿಗೂ ಗೊತ್ತಿರುವುದೇ. ಚೆನ್ನಾಗಿಯೇ ಬಂತು. ಹೊದಿಕೆಯದ್ದೇ ರಾಮಾಯಣ. ಹಿಂದಿನ ವಾರ ಒಂದು ಪ್ರಯೋಗ ಮಾಡಿದ್ದೆ. ಕೇಕಿಗೆ ವಿಪ್ಪಿಂಗ್ ಕ್ರೀಮ್ ಬಳಿದು ಅದರ ಮೇಲೆ ಫಾಂಡೆಂಟ್ ಹೊದಿಸಿ ಮಲಗಿದೆ. ಕ್ರೀಮಿನ ನೀರನ್ನೆಲ್ಲ ಸಕ್ಕರೆ ಎಳೆದುಕೊಂಡಿತು. ಬೆಳಗ್ಗೆ ನೋಡಿದರೆ, ಮದುವೆಮನೆಯಲ್ಲಿ ಪಂಚೆ ಜಾರಿದವರ ಹಾಗೆ ಹೊದಿಕೆಯೆಲ್ಲ ಕೆಳಗಿಳಿದು ಬುಡದಲ್ಲಿ ಕೂತಿತ್ತು.

"ಅದಕ್ಕೇ ಗನಾಶ್ ಬಳಿಯಬೇಕು ಅನ್ನುದು" ಅಂದಳು ಮಂಗಳೂರು. ಅವಳ ತಂಗಿ ಊರಲ್ಲಿ ಆರ್ಡರ್ ಹಿಡಿದು ಕೇಕ್ ಮಾಡಿಕೊಡುತ್ತಾಳೆ. ಹಾಗಾಗಿ ಇವಳಿಗೆ ಕೈಯಲ್ಲಿ ಬರದಿದ್ದರೂ ಬಾಯಲ್ಲಿ ಎಲ್ಲ ಬರುತ್ತದೆ. "ಡಾರ್ಕ್ ಚಾಕಲೇಟ್ ಎರಡು ಪಾಲು, ಕ್ರೀಮ್ ಒಂದು ಪಾಲು. ಬಿಳಿ ಚಾಕಲೇಟ್ ಆದ್ರೆ ಮೂರಕ್ಕೆ ಒಂದು. ರಾತ್ರಿಯಿಡೀ ಬಿಟ್ರೆ ಗೋಡೆ ಹಾಗೆ ಗಟ್ಟಿ ಆಗ್ತದೆ. ಮತ್ತೆ ಫ್ರಿಜ್ಜಿಗೆ ಇಡಬಾರದು, ಗೊತ್ತುಂಟಾ? ಹೊರಗೆ ತೆಗೆದ ಕೂಡ್ಲೇ ಬೆವರ್ತದೆ. ನಮ್ಮಲ್ಲಿ ಫ್ರಿಜ್ಜೇ ಬೇಡ, ಸುಮ್ನೆ ಇಟ್ರೂ ಬೆವರ್ತದೆ. ಮಳೆಗಾಲದಲ್ಲಿ ನನ್ನ ತಂಗಿ ಕೇಕಿಗೆ ಎಸಿ ಹಾಕಿ, ಗಂಡನನ್ನು ಹೊರಗೆ ಹಾಲ್‌ನಲ್ಲಿ ಮಲಗಿಸ್ತಾಳೆ."

"ಹೆಂಗೂ ಫಾಂಡೆಂಟ್ ಅನ್ನೋ ಹೆಸರಿಗೆ ಕರಗೋದು ಅಂತಲೇ ಅರ್ಥವಂತೆ, ಫ್ರೆಂಚಿನಲ್ಲಿ" ಅಂದೆ.

"ಹಂಗಾರ ಅದು ಹೆಸರಿಗೆ ತಕ್ಕಂಗ ಇರೋದು ಮಂಗಳೂರಾಗ ಅಷ್ಟs. ನಮ್ಮ ಕಡೆ ಬ್ಯಾಸಿಗ್ಯಾಗ ತಂದ್ರ ಹೊಲ ಬಿರಿತದಲ್ಲ, ಹಂಗ ಬಿರಿತದ."

ಬಿರಿಯಲು ಧಾರವಾಡದವರೆಗೆ ಹೋಗಬೇಕಿಲ್ಲ. ನನ್ನ ಅಡುಗೆಮನೆಯಲ್ಲೇ ಬಿರಿಯಿತು. ಎಂಟು ಇಂಚು ಅಗಲ, ನಾಲ್ಕು ಇಂಚು ಎತ್ತರದ ಕೇಕು. ಮೇಲ್ಭಾಗಕ್ಕೆ 8, ಎರಡು ಪಕ್ಕಕ್ಕೆ 4 ಮತ್ತು 4, ಒಟ್ಟು 16 ಇಂಚು. ಹಿಡಿಯಲು ಇನ್ನೆರಡು. ಅಂದರೆ ಹದಿನೆಂಟು ಇಂಚಿನ ಒಂದೇ ಚಪಾತಿ! ದಪ್ಪ ಮೂರು ನಾಲ್ಕು ಮಿಲಿಮೀಟರ್. ಚಪಾತಿ ಮಣೆ ಸಾಲದೆ ಗ್ರಾನೈಟ್ ಕಟ್ಟೆ ತೊಳೆದು, ಒರೆಸಿ, ಕಾರ್ನ್‌ಫ್ಲೋರ್ ಉದುರಿಸಿ ಲಟ್ಟಿಸಿದೆ. ಅಂಟಬಾರದು ಅಂತ ಧಾರಾಳವಾಗಿಯೇ ಉದುರಿಸಿದೆ. ಕಾರ್ನ್‌ಫ್ಲೋರ್ ಜಾಸ್ತಿಯಾದರೆ ಫಾಂಡೆಂಟ್ ಒಣಗಿ ಆನೆಯ ಚರ್ಮದ ಹಾಗೆ ಸುಕ್ಕುಸುಕ್ಕು ಬಿರುಕು ಬಿಡುತ್ತದೆ. ಆನೆಗೆ ಬರದ ಆನೆಯ ಕಳೆ ಕೊನೆಗೆ ಕೇಕಿಗೆ ಬಂತು. ಬೆರಳಿಗೆ ವನಸ್ಪತಿ ಸವರಿಕೊಂಡು ಒಂದು ಗಂಟೆ ಉಜ್ಜಿದೆ. ನುಣುಪು ಮಾಡುವ ಸಾಧನ ಬೇರೆ ಸಿಗುತ್ತದಂತೆ. ನಾನು ಸ್ಟೀಲ್ ಡಬ್ಬದ ಮುಚ್ಚಳದಲ್ಲಿ ಉಜ್ಜಿದೆ.

"ಫೋಟೋದಲ್ಲಿ ಒಂದು ಬಿರುಕೂ ಕಾಣಲಿಲ್ಲವಲ್ಲೇ? ಎಷ್ಟು ಚೆನ್ನಾಗಿ ಹೂವೆಲ್ಲ ಇಟ್ಟಿದ್ದೆ" ಅಂದಳು ಹಾಸನ. ಪಾಪ, ಅವಳೊಬ್ಬಳಿಗೇ ಸ್ವಲ್ಪ ಕರುಣೆ.

"ಎಲ್ಲೆಲ್ಲಿ ಹೂವಿತ್ತೋ ಅಲ್ಲೆಲ್ಲ ಹರಿದಿತ್ತು."

"ಎಷ್ಟು ಹೂವಿತ್ತು?"

"ಇಪ್ಪತ್ತಮೂರು."

ಆದರೆ ಇವರು ನಿಜವಾಗಿ ಕೇಳಲು ಬಂದದ್ದು ಹೆಸರಿನ ಕತೆ. ಸೋದರತ್ತೆ ಅಂದಮೇಲೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ನಾನೇ. ಹೆಸರು ಸ್ಮೃತಿ. ಕೇಕಿನ ಮೇಲೂ ಇರಲಿ, ಅದೂ ಕನ್ನಡದಲ್ಲೇ ಇರಲಿ ಅಂತ ನನ್ನ ಹಟ. ಅಂಗಡಿಯಲ್ಲಿ ಅಕ್ಷರದ ಅಚ್ಚು ಕೇಳಿದೆ. ಎ ಯಿಂದ ಝೆಡ್‌ವರೆಗೆ ಇಪ್ಪತ್ತಾರು ತೋರಿಸಿದ. ಕನ್ನಡದ್ದು ಅಂದೆ. ಅವನು ನನ್ನನ್ನು ನೋಡಿದ ರೀತಿಗೆ ನಾನು ರಾಜ್ಯೋತ್ಸವದ ಚಂದಾ ಕೇಳಲು ಬಂದವಳು ಅನಿಸಿರಬೇಕು. ಮನೆಗೆ ಬಂದು, ಕಾಗದದ ಮೇಲೆ ದೊಡ್ಡದಾಗಿ ಬರೆದು, ಕತ್ತರಿಸಿ, ಫಾಂಡೆಂಟಿನ ಮೇಲಿಟ್ಟು ಚೂರಿಯಲ್ಲಿ ಕೊರೆದೆ. ಸ ಬಂತು. ತಿ ಬಂತು. ಮ ಒತ್ತು ಮತ್ತು ವಟ್ರಸುಳಿ ಇವೆಯಲ್ಲ, ಅವು ಚಕ್ಕುಲಿಯ ತುಂಡಿಗಿಂತ ಸಣ್ಣವು. ನೀರು ಮುಟ್ಟಿಸಿದರೆ ಫಾಂಡೆಂಟ್ ಫಾಂಡೆಂಟಿಗೆ ಅಂಟುತ್ತದೆ. ಒಂದು ಹನಿ ಮುಟ್ಟಿಸಿ ಅಂಟಿಸಿದೆ.

ನಮ್ಮ ಮನೆಯಿಂದ ತಮ್ಮನ ಮನೆಗೆ ಒಂಬತ್ತು ಕಿಲೋಮೀಟರ್. ಹಂಪು ಹನ್ನೊಂದು. ಗುಂಡಿ ಎಣಿಸಿಲ್ಲ. ಕೇಕಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು, ಎಸಿ ಹಾಕಿಸಿ, ಪ್ರತಿ ಹಂಪಿಗೂ ಯಜಮಾನರನ್ನು ಬೈಯುತ್ತಾ ಹೋದೆ. ಹೆಸರು ಹೇಳುವ ಶಾಸ್ತ್ರ ಮುಗಿಯುವವರೆಗೆ ಯಾರಿಗೂ ಗೊತ್ತಾಗಬಾರದಲ್ಲ, ಡಬ್ಬ ತೆರೆಯಲಿಲ್ಲ. ತಮ್ಮ ತಟ್ಟೆಯ ಅಕ್ಕಿಯ ಮೇಲೆ ಚಿನ್ನದ ಉಂಗುರದಲ್ಲಿ ಹೆಸರು ಬರೆದ. ನಾನು ಕಿವಿಯಲ್ಲಿ ಮೂರು ಸಲ ಹೇಳಿದೆ. ಎಲ್ಲರೂ ತೊಟ್ಟಿಲು ತೂಗಿದರು. ಆಮೇಲೆ ಗತ್ತಿನಿಂದ ಡಬ್ಬ ತೆರೆದೆ. ಸುತ್ತ ನಿಂತ ನಲವತ್ತು ಜನ ಜೋರಾಗಿ ಓದಿದರು.

"ಸ-ತಿ."

ಒತ್ತು, ವಟ್ರಸುಳಿ ಎರಡೂ ಯಾವುದೋ ಹಂಪಿನಲ್ಲಿ ಉದುರಿ ಎಮ್ಮೆಯ, ಅಲ್ಲ ಆನೆಯ, ಕಾಲಡಿ ಬಿದ್ದಿದ್ದವು.

ಮಂಗಳೂರು ಸೋಫಾದಿಂದ ಕೆಳಗೆ ಜಾರಿ ಕೂತಳು. ಧಾರವಾಡಕ್ಕೆ ಕಾಫಿ ನೆತ್ತಿಗೆ ಹತ್ತಿತು. "ಮೂರು ತಿಂಗಳ ಕೂಸಿಗೆ... ತೊಟ್ಟಿಲಾಗಿಂದ ಸೀದಾ ಮದುವಿ ಮಂಟಪಕ್ಕ..." ಮುಂದೆ ಮಾತು ಬರಲಿಲ್ಲ.

ಅಷ್ಟು ಹೊತ್ತಿಗೆ ನಮ್ಮತ್ತೆ ಕೋಡುಬಳೆ ತಟ್ಟೆ ಹಿಡಿದು ಬಂದರು. "ಅಕ್ಕಿ ಮೇಲೆ ಬರೆದ ಒತ್ತಕ್ಷರ ಬೀಳಲ್ಲ ನೋಡ್ರಮ್ಮ" ಅಂದು ತಟ್ಟೆ ಇಟ್ಟು ಹೋದರು.

"ಅದು ಹೋಗಲಿ, ತಿಂದವರು ಏನಂದರು?" ಹಾಸನ ಕೇಳಿದಳು.

ಯಾರಿಗಾಗಿ ಮಾಡಿದ್ದೋ ಆ ಮಹಾರಾಣಿ ನಿದ್ದೆ ಮಾಡುತ್ತಿದ್ದಳು. ಅವಳಿಗೆ ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಇಲ್ಲ. ಉಳಿದವರು ತಿಂದರು. ಅಂದರೆ ಒಳಗಿನ ಕೇಕು ತಿಂದರು. ಉಪ್ಪಿಟ್ಟಿನಲ್ಲಿ ಕರಿಬೇವು ತೆಗೆದಿಡುವ ಹಾಗೆ ಫಾಂಡೆಂಟನ್ನು ಬಿಡಿಸಿ ತಟ್ಟೆಯ ಅಂಚಿಗೆ ಇಟ್ಟರು. ನಾಲ್ಕು ದಿನದ ಕೆಲಸ ನಲವತ್ತು ತಟ್ಟೆಗಳ ಅಂಚಿನಲ್ಲಿ. ನನಗೆ ಬೇಸರವೇನೂ ಆಗಲಿಲ್ಲ. ನಾನೂ ಬಿಡಿಸಿಯೇ ಇಟ್ಟಿದ್ದೆ. ಸತ್ಯ ಹೇಳಬೇಕೆಂದರೆ ಅದು ಸಿಹಿಯಾದ ರಬ್ಬರು.

"ಎಷ್ಟ್ ರೊಕ್ಕ ಆತು ಒಟ್ಟs?"

"ಪ್ರಯೋಗದ ಕೇಕೂ ಸೇರಿ ಎರಡು ಸಾವಿರದ ಮುನ್ನೂರು."

"ಅಷ್ಟ್ ರೊಕ್ಕದಾಗ ನಲವತ್ತೂ ಮಂದಿಗೆ ಪೇಢಾ ಹಂಚಬಹುದಿತ್ತಲ್ಲವಾ. ಪೇಢಾ ಸಿಪ್ಪಿ ಸುಲಿದು ತಿನ್ನಾವ್ರನ್ನ ನಾ ಅಂತೂ ನೋಡಿಲ್ಲ."

"ತಿನ್ನೋಕೇ ಎಲ್ಲ ಮಾಡ್ತೀವಾ?" ಹಾಸನ ನನ್ನ ಪರ ನಿಂತಳು. "ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಲ್ವಾ? ಯಾರು ತಿಂತಾರೆ ಅದನ್ನ? ನಮ್ಮನೆಗೆ ಬಂದ ಗಿಳಿನ ನಾವು ಪಕ್ಕದ ಮನೆಗೆ ಕೊಡ್ತೀವಿ, ಅವರು ಅವರ ನಾದಿನಿಗೆ ಕೊಡ್ತಾರೆ. ಒಂದು ವರ್ಷ ನಾವು ಕೊಟ್ಟ ಆನೆ ನಮಗೇ ವಾಪಸ್ ಬಂದಿತ್ತು. ಸೊಂಡಿಲು ಮುರಿದಿದ್ದರಿಂದ ಗುರುತು ಸಿಕ್ಕಿತು."

ಸಕ್ಕರೆ ಅಚ್ಚು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಒಳಗೆ ಅಟ್ಟದ ಮೇಲೆ ಪಾತ್ರೆ ಸರಿಸುವ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅತ್ತೆ ಹಳೇ ಟವೆಲ್ಲಿನ ಗಂಟು ತಂದು ಬಿಚ್ಚಿದರು. ಅವರ ಅತ್ತೆಯ ಕಾಲದ ಮರದ ಅಚ್ಚುಗಳು. ಗಿಳಿ, ತುಳಸಿಕಟ್ಟೆ, ಬಾಳೆಗೊನೆ, ಒಂದು ಆನೆ. ಆ ಆನೆಯನ್ನು ಯಾರೂ ಎಮ್ಮೆ ಅನ್ನಲು ಸಾಧ್ಯವಿರಲಿಲ್ಲ.

"ಆ ಮಿಕ್ಕಿರೋ ಹಿಟ್ಟು ಇದೆಯಲ್ಲ, ಕೊಡು ಇಲ್ಲಿ" ಅಂದರು.

ಮುನ್ನೂರು ಗ್ರಾಂ ಮಿಕ್ಕಿತ್ತು. ತಂದುಕೊಟ್ಟೆ. ನಾನು ನಾಲ್ಕು ದಿನ ಒದ್ದಾಡಿದ್ದನ್ನು ಇವರು ನಾಲ್ಕು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ ಅಂತ ನನಗೆ ಖಾತ್ರಿಯಾಗಿತ್ತು. ಉಳಿದ ಮೂವರೂ ಫೋನ್ ಹಿಡಿದು ಸುತ್ತ ಕೂತರು. ಅತ್ತೆ ಹಿಟ್ಟನ್ನು ಕಣಕದ ಹಾಗೆ ಮಿದ್ದರು. ಗಿಳಿ, ಬಾಳೆಗೊನೆಯ ಅಚ್ಚುಗಳ ಎರಡೂ ಹೋಳುಗಳಿಗೆ ಒತ್ತಿ ತುಂಬಿದರು. ಜೋಡಿಸಿ ದಾರ ಸುತ್ತಿದರು. ಹತ್ತು ನಿಮಿಷ ಬಿಟ್ಟು ದಾರ ಬಿಚ್ಚಿ ತೆರೆದರು.

ಗಿಳಿ ಬರಲಿಲ್ಲ. ಅರ್ಧ ಗಿಳಿ ಈ ಹೋಳಿನಲ್ಲಿ, ಅರ್ಧ ಗಿಳಿ ಆ ಹೋಳಿನಲ್ಲಿ, ನಡುವೆ ಬಿಳಿ ಗೋಂದಿನ ಎಳೆ.

"ಅಮ್ಮ, ಅಚ್ಚು ನೆನೆಸಿದ್ರಾ?" ಮಂಗಳೂರು ಮೆಲ್ಲಗೆ ಕೇಳಿದಳು.

"ಮತ್ತೆ? ನೆನೆಸದೆ ಯಾರಾದರೂ ಅಚ್ಚು ಹುಯ್ತಾರೇನಮ್ಮ?"

ಸರಿಯೇ. ಕುದಿಯುವ ಪಾಕ ಹುಯ್ಯುವ ಅಚ್ಚನ್ನು ನೀರಿನಲ್ಲಿ ನೆನೆಸಲೇಬೇಕು, ಇಲ್ಲದಿದ್ದರೆ ಬಿಟ್ಟುಕೊಳ್ಳುವುದಿಲ್ಲ. ಫಾಂಡೆಂಟಿಗೆ ನೀರೇ ಗೋಂದು. ಐವತ್ತು ಸಂಕ್ರಾಂತಿ ಮಾಡಿದ ಕೈ, ಪಾಪ.

ಐದು ಹೆಂಗಸರು ಐದು ಟೂತ್‌ಪಿಕ್ ಹಿಡಿದು ಮುಕ್ಕಾಲು ಗಂಟೆ ಗಿಳಿಯ ಕೊಕ್ಕು ಕೆದಕಿದೆವು. ಬಾಳೆಗೊನೆಯ ಚಿಪ್ಪು ಚಿಪ್ಪಿನ ಸಂದಿಯಲ್ಲೂ ಸಕ್ಕರೆ. ಬಿಸಿನೀರಿಗೆ ಹಾಕೋಣ ಅಂದರೆ ಹಳೇ ಮರ, ಸೀಳಿಬಿಟ್ಟೀತು ಅಂತ ಅತ್ತೆ ಬಿಡಲಿಲ್ಲ. ಏಳು ಗಂಟೆಗೆ ಧಾರವಾಡ ಎದ್ದಳು. "ನಮ್ಮ ತಂಗಿದು ಕುಬಸ ಅದ ಮುಂದಿನ ತಿಂಗಳು. ನೀ ಬಾ. ಕೇಕ್ ತರಬ್ಯಾಡ" ಅಂದು ಹೋದಳು.

ರಾತ್ರಿ ಅಚ್ಚುಗಳನ್ನು ಹಾಗೇ ಬಾಲ್ಕನಿಯಲ್ಲಿ ಇಟ್ಟು ಮಲಗಿದೆವು. ಬೆಳಗ್ಗೆ ಅತ್ತೆ ಕೂಗಿ ಕರೆದರು. ಹೋಗಿ ನೋಡಿದರೆ ಕಟ್ಟೆಯ ಬಿರುಕಿನಿಂದ ಅಚ್ಚಿನವರೆಗೆ ಇರುವೆಗಳ ಸಾಲು. ಗಿಳಿಯ ಕಣ್ಣು, ಕೊಕ್ಕು, ರೆಕ್ಕೆಯ ಗೆರೆ, ಎಲ್ಲ ಚೊಕ್ಕಟ. ಬಾಳೆಗೊನೆಯಲ್ಲಿ ಕೆಲಸ ನಡೆಯುತ್ತಿತ್ತು. ನನ್ನ ಫಾಂಡೆಂಟನ್ನು ಬಿಡಿಸಿ ಪಕ್ಕಕ್ಕಿಡದೆ ತಿಂದವರನ್ನು ನಾನು ನೋಡಿದ್ದು ಅದೇ ಮೊದಲು. ಅತ್ತೆ ಪೊರಕೆ ಎತ್ತಿದರು. ನಾನು ತಡೆದೆ.