ಸಹಾಯ ಬೇಕು: ದೊಡ್ಡ ಎಲೆಕ್ಟ್ರಿಕ್ ಆರ್‌ಸಿ ಬಗ್ಗಿ, 1/8 ಸಾಕಾ ಅಥವಾ 1/5 ತಗೊಳ್ಳಲಾ?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ 1/10 ಬಗ್ಗಿ (ಅಸಲಿ ಗಾಡಿಯ ಹತ್ತನೇ ಒಂದು ಅಳತೆಯ ರಿಮೋಟ್ ಕಾರು) ಓಡಿಸುತ್ತಿದ್ದೇನೆ. ಹೋದ ಭಾನುವಾರ ರಾಗಿ ಕೊಯ್ದ ಹೊಲದಲ್ಲಿ ಬದು ಹಾರಿಸಲು ಹೋಗಿ ಸ್ಪರ್ ಗೇರಿನ ಹಲ್ಲೆಲ್ಲ ಉದುರಿದವು. ಬಿಚ್ಚಿ ನೋಡಿದರೆ ಒಳಗೆ ಬರೀ ಪ್ಲಾಸ್ಟಿಕ್ ಪುಡಿ, ಜೊತೆಗೆ ಒಂದು ಹಿಡಿ ಕೆಮ್ಮಣ್ಣು. ತಪ್ಪು ನನ್ನದೇ. ಮೋಟರಿನ ಚಿಕ್ಕ ಗೇರಾದ ಪಿನಿಯನ್‌ಗೂ ಅದು ತಿರುಗಿಸೋ ಸ್ಪರ್‌ಗೂ ನಡುವೆ ಸಂದು ಜಾಸ್ತಿ ಬಿಟ್ಟಿದ್ದೆ.

ಈಗ ದೊಡ್ಡದಕ್ಕೆ ಹೋಗೋಣ ಅಂತ. 1/8 ಅಳತೆಯಲ್ಲಿ ಎರಡು ನೋಡಿದ್ದೇನೆ. ಅರ್ಮಾ ಟೈಫನ್ 6ಎಸ್ (ಅಂದರೆ ಆರು ಸೆಲ್ ಬ್ಯಾಟರಿಯದು) ಬ್ಯಾಶಿಂಗ್‌ಗೆ, ಅಂದರೆ ಒರಟಾಗಿ ಹಾರಿಸಿ ಓಡಿಸೋಕೆ, ಗಟ್ಟಿ, ಬ್ಯಾಟರಿ ಹಾಕಿದರೆ ಓಡುತ್ತದೆ. ಟೆಕ್ನೋ ಇಬಿ48 ರೇಸಿಗೆ ಹೇಳಿ ಮಾಡಿಸಿದ್ದು, ಆದರೆ ಕಿಟ್, ನಾವೇ ಜೋಡಿಸಬೇಕು. ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), ಸರ್ವೋ (ಸ್ಟಿಯರಿಂಗ್ ತಿರುಗಿಸೋದು) ಎಲ್ಲ ಬೇರೆ ಕೊಳ್ಳಬೇಕು. 1/5 ಅಳತೆಯ ಲೋಸಿ ಡಿಬಿಎಕ್ಸ್‌ಎಲ್-ಇ ನೋಡಿದರೆ ಬಾಯಲ್ಲಿ ನೀರು ಬರುತ್ತದೆ! ಆದರೆ ಅದರ 8ಎಸ್‌ಗೆ ಎರಡು 4ಎಸ್ ಲಿಪೋ (ಲಿಥಿಯಂ ಪಾಲಿಮರ್ ಬ್ಯಾಟರಿ) ಬೇಕು, ಅಲ್ವಾ? ಈಗಿರೋ ಒಂದೇ ಲಿಪೋ ಚೀಲವನ್ನೇ (ಬ್ಯಾಟರಿ ಇಡೋ ಬೆಂಕಿ ತಡೆಯುವ ಚೀಲ) ನಮ್ಮ ಮನೆಯವಳು ಅಡುಗೆಮನೆಯಿಂದ ಆಚೆ ಹಾಕಿದ್ದಾಳೆ.

ನನ್ನದು ಹೆಚ್ಚಾಗಿ ಹೊಲ, ಒಣಗಿದ ಕೆರೆ ಅಂಗಳ. ರೇಸ್ ಅಪರೂಪಕ್ಕೆ. 1/8 ಎಲೆಕ್ಟ್ರಿಕ್ ಬಗ್ಗಿ ರೇಸಲ್ಲಿ ಸಾಮಾನ್ಯವಾಗಿ 4ಎಸ್ ಬಳಸುತ್ತಾರೆ. ಹಾಗಾದರೆ ಟೈಫನ್‌ಗೆ 4ಎಸ್ ಹಾಕಿ, ಡಿಫ್ (ಚಕ್ರಗಳಿಗೆ ಶಕ್ತಿ ಹಂಚೋ ಡಿಫರೆನ್ಷಿಯಲ್) ಎಣ್ಣೆ ಬದಲಿಸಿ ಟ್ರ್ಯಾಕಿಗೆ ಇಳಿಸಿದರೆ ನಡೆಯುತ್ತಾ, ಇಲ್ಲ ಸುಮ್ನೆ ಭಾರ ಎಳೆದ ಹಾಗಾಗುತ್ತಾ?

ಇನ್ನೊಂದು, ನನಗೆ ವೇಗಕ್ಕಿಂತ ಸ್ಪೇರ್ ಮುಖ್ಯ. ಎ-ಆರ್ಮ್ (ಚಕ್ರ ಹಿಡಿದಿರೋ ತೋಳು) ಮುರಿದರೆ ಬೆಂಗಳೂರಲ್ಲೇ ಸಿಗಬೇಕು, ಹೊರದೇಶದಿಂದ ತರಿಸಿ ಸುಂಕ ಕಟ್ಟೋ ಪಾಡು ಬೇಡ. ಇವುಗಳಲ್ಲಿ ಯಾವುದನ್ನಾದರೂ ಓಡಿಸಿದವರು, ಮೊದಲು ಏನು ಮುರಿಯಿತು ಅಂತ ಹೇಳಿ.